ನೀರು ಕಡಿಮೆಯಿರುವ ಗ್ರಹಕ್ಕೆ ಪ್ರಾಣಿಯೊಂದನ್ನು ಕಲ್ಪಿಸುವ ಬಗೆ

ಅನ್ಯಗ್ರಹದ ಜೀವಿಯನ್ನು ಕಲ್ಪಿಸುವವರು ಸಾಮಾನ್ಯವಾಗಿ ಕಣ್ಣು, ಕೊಂಬುಗಳಿಂದ ಆರಂಭಿಸುತ್ತಾರೆ. ಆದರೆ ಮೊದಲು ನಿರ್ಧರಿಸಬೇಕಾದದ್ದು ಆ ಗ್ರಹದಲ್ಲಿ ನೀರು ಯಾವ ರೂಪದಲ್ಲಿ, ಎಷ್ಟು ಕಾಲಕ್ಕೊಮ್ಮೆ ದೊರೆಯುತ್ತದೆ ಎಂಬುದನ್ನು. ಮಂಜಾಗಿ ಮಾತ್ರ ದೊರೆಯುವುದಾದರೆ, ನಮೀಬ್ ಮರುಭೂಮಿಯ ಜೀರುಂಡೆಯಂತೆ ತಲೆ ತಗ್ಗಿಸಿ, ಗಾಳಿಗೆ ಬೆನ್ನೊಡ್ಡಿ, ಹನಿಗಳನ್ನು ಬಾಯಿಗೆ ಇಳಿಸಿಕೊಳ್ಳುವ ದೇಹವನ್ನು ಕೊಡಿ.

ವರ್ಷಕ್ಕೊಮ್ಮೆ ದೊರೆಯುವುದಾದರೆ ಮಾದರಿಗಾಗಿ ದೂರ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯಲ್ಲಿ ನಾಲೆಯ ನೀರು ತಲುಪದ ಊರಿನ ಕೆರೆಯಂಗಳಕ್ಕೆ ಬೇಸಿಗೆಯಲ್ಲಿ ಹೋಗಿ ನೋಡಿ: ಬಿರಿದ ಮಣ್ಣಿನಡಿ ಕೆರೆಯ ಬಸವನಹುಳು ಚಿಪ್ಪಿನ ಬಾಯಿಗೆ ಮುಚ್ಚಳವನ್ನು ಬಿಗಿದುಕೊಂಡು ತಿಂಗಳುಗಟ್ಟಲೆ ನಿಶ್ಚಲವಾಗಿರುತ್ತದೆ, ಹೊಲದ ಬಿಲಗಪ್ಪೆ ಮಳೆ ಬಿದ್ದ ಮೇಲೆಯೇ ಹೊರಬರುತ್ತದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ನೀರನ್ನು ಪಡೆಯುವುದಕ್ಕಿಂತ ಕಳೆದುಕೊಳ್ಳದಿರುವುದೇ ಕಷ್ಟವಾದ್ದರಿಂದ, ಈ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಹಕ್ಕಿ, ಹಲ್ಲಿಗಳು ಸಾರಜನಕದ ತ್ಯಾಜ್ಯವನ್ನು ಯೂರಿಕ್ ಆಮ್ಲದ ಬಿಳಿ ಮುದ್ದೆಯಾಗಿ ಹೊರಹಾಕಿ ನೀರನ್ನು ಉಳಿಸುತ್ತವೆ. ಅಮೆರಿಕದ ಕಾಂಗರೂ ಇಲಿ ಒಣ ಬೀಜಗಳನ್ನು ತಿಂದು, ಆಹಾರ ದೇಹದಲ್ಲಿ ದಹಿಸುವಾಗ ಹುಟ್ಟುವ ನೀರಿನಲ್ಲಿಯೇ ಬಹುಮಟ್ಟಿಗೆ ಬದುಕುತ್ತದೆ. 1 ಗ್ರಾಂ ಕೊಬ್ಬಿನಿಂದ ಸುಮಾರು 1 ಗ್ರಾಂ ನೀರು ಹುಟ್ಟುತ್ತದೆಯಾದರೂ, ಅದಕ್ಕೆ ಬೇಕಾದ ಆಮ್ಲಜನಕವನ್ನು ಉಸಿರಾಡುವಾಗ ತೇವವೂ ಹೊರಹೋಗುತ್ತದೆ. ಆದ್ದರಿಂದ ನಿಮ್ಮ ಪ್ರಾಣಿಗೆ ತೇವವನ್ನು ಹಿಡಿದಿಡುವ ತಂಪಾದ, ಸುರುಳಿಯಾದ ಮೂಗನ್ನೂ ರೂಪಿಸಿ.

ಬಳಿಕ ಅದರ ಒಂದು ದಿನದ ನೀರಿನ ಜಮಾಖರ್ಚನ್ನು ಬರೆಯಿರಿ. ಖರ್ಚು ಹೆಚ್ಚಾದರೆ ದೇಹವನ್ನು ತಿದ್ದಿ. ಲೆಕ್ಕ ಸರಿಹೊಂದಿದ ನಂತರವೇ ಬಣ್ಣ, ಕೊಂಬುಗಳನ್ನು ಸೇರಿಸಿ.