ಬೀಟೆ ಹಿಡಿಯ ಚಾಕು: ಮಾಡುವುದು ಹೇಗೆ, ಕೆಡುವುದು ಎಲ್ಲಿ?

ಕಳೆದ ಮಳೆಗಾಲದಲ್ಲಿ ಗೆಳೆಯನೊಬ್ಬ ತಾನೇ ಮಾಡಿದ ಚಾಕು ತಂದು ತೋರಿಸಿದ. ಹಲಸಿನ ಹಿಡಿ ಅರಿಸಿನದ ಹಾಗೆ ಹೊಳೆಯುತ್ತಿತ್ತು. ಯುಗಾದಿ ಹೊತ್ತಿಗೆ ಅದೇ ಚಾಕು ಮತ್ತೆ ನನ್ನ ಕೈಗೆ ಬಂತು. ಮರ ಒಣಗಿ ಕುಗ್ಗಿತ್ತು. ಉಕ್ಕಿನ ಅಂಚು ಹೊರಗೆದ್ದು ಅಂಗೈ ಗೀರುತ್ತಿತ್ತು. ಅಲಗಿಗೆ ಮಾತ್ರ ಏನೂ ಆಗಿರಲಿಲ್ಲ. ನಾನು ನೋಡಿದ ಮನೆಯಲ್ಲೇ ಮಾಡಿದ ಚಾಕುಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಹೀಗೇ, ಹಿಡಿಯಲ್ಲಿ. ಹಾಗಾಗಿ ಉಕ್ಕಿನ ಕೆಲಸ ಬೇಗ ಮುಗಿಸಿ ಅಲ್ಲಿಗೇ ಹೋಗೋಣ.

ಉಕ್ಕು. ಜೀಪಿನ ಹಳೇ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಸಾಕು. ಬಿರುಕಿದ್ದರೆ ಬೇಡ. ಕಮ್ಮಾರರ ಹತ್ತಿರ ಕೆಂಪಗೆ ಕಾಯಿಸಿ, ತಟ್ಟಿ ನೇರ ಮಾಡಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಿ. ಆಗ ಮೆತ್ತಗಾಗುತ್ತದೆ, ಅರಕ್ಕೆ ಬಗ್ಗುತ್ತದೆ. ಅಲಗು 4 ಇಂಚು, ಹಿಡಿ ನಾಲ್ಕೂವರೆ, ದಪ್ಪ 4 ಮಿ.ಮೀ. ಗೂಟ ಕೆತ್ತಲು, ಹಗ್ಗ ಕೊಯ್ಯಲು, ಕಟ್ಟಿಗೆ ಸೀಳಲು ಇಷ್ಟೇ ಸಾಕು. ಉಕ್ಕು ಹಿಡಿಯ ತುದಿವರೆಗೂ ಹೋಗಿರಬೇಕು. ಮೊಳೆಯ ತೂತುಗಳನ್ನು ಈಗಲೇ ಕೊರೆಯಿರಿ, ಹದ ಹಾಕಿ ಗಟ್ಟಿ ಮಾಡಿದ ಮೇಲೆ ಕೊರೆದರೆ ಡ್ರಿಲ್ಲಿನ ಮೊನೆ ಸುಟ್ಟುಹೋಗುತ್ತದೆ ಅಷ್ಟೇ. ಬಾಯಿಯನ್ನು 1 ಮಿ.ಮೀ. ದಪ್ಪಕ್ಕೆ ಬಿಡಿ. ಅದಕ್ಕಿಂತ ತೆಳುವಾದರೆ ಎಣ್ಣೆಗೆ ಅದ್ದಿದಾಗ ಸೊಟ್ಟಗಾಗುತ್ತದೆ.

ಹದ. ಇದ್ದಿಲಿನ ಬೆಂಕಿಯಲ್ಲಿ ಕಾಯಿಸುತ್ತಾ ಆಗಾಗ ಅಯಸ್ಕಾಂತ ಮುಟ್ಟಿಸಿ ನೋಡಿ. ಸುಮಾರು 770 ಡಿಗ್ರಿಯಲ್ಲಿ ಅದು ಅಂಟುವುದು ನಿಲ್ಲುತ್ತದೆ. ಅಲ್ಲಿಂದ ಇನ್ನೊಂದು ಚೂರು ಕೆಂಪೇರಿಸಿ, ಬೆಚ್ಚಗಿನ ಕಡಲೇಕಾಯಿ ಎಣ್ಣೆಗೆ ನೇರವಾಗಿ ಇಳಿಸಿ. ಕಬ್ಬಿಣದ ಪಾತ್ರೆಯೇ ಇರಲಿ, ಮುಚ್ಚಳವೂ ಕೈಗೆ ಸಿಗುವ ಹಾಗಿರಲಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಬೇಕು. ನೀರಿಗೆ ಹಾಕಿದರೆ ಈ ಉಕ್ಕು ಸೀಳಬಹುದು. ಗ್ಯಾರೇಜಿನ ಸುಟ್ಟ ಎಣ್ಣೆ ಪುಕ್ಕಟೆ ಸಿಗುತ್ತದೆ, ನಿಜ. ಆ ಹೊಗೆ ಕುಡಿಯುವ ಹಣೆಬರಹ ನಮಗ್ಯಾಕೆ? ಆರಿದ ಮೇಲೆ ಅರ ಉಜ್ಜಿದರೆ ಜಾರಬೇಕು. ಆಮೇಲೆ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಓವನ್‌ನಲ್ಲಿ 200 ಡಿಗ್ರಿಗೆ ಎರಡೆರಡು ಗಂಟೆ, ಎರಡು ಸಲ ಇಡಿ. ಒಣಹುಲ್ಲಿನ ಬಣ್ಣ ಬಂದರೆ ಹದ ಸರಿಯಾಗಿದೆ.

ಮರ. ನನ್ನ ಆಯ್ಕೆ ಬೀಟೆ. ಹಸಿ ಬೀಟೆ ಬೇಡ, ಆ ಮರಕ್ಕೆ ಅರಣ್ಯ ಇಲಾಖೆಯ ಕಟ್ಟುಪಾಡುಗಳಿವೆ. ಹಳೇ ಮಂಚದ ಕಾಲೋ ಮುರಿದ ಕುರ್ಚಿಯ ಕೈಯೋ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ, ಎಷ್ಟೋ ವರ್ಷದಿಂದ ಒಣಗಿರುತ್ತದೆ. ಬೇರೆ ಮರವಾದರೆ ತುಂಡನ್ನು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆಯೇ ಕೆಲಸ. ಚನ್ನಪಟ್ಟಣದ ಗೊಂಬೆಯ ಆಲೆ ಮರ ಇದಕ್ಕೆ ತೀರಾ ಮೆತ್ತಗಾಯಿತು.

ತುಂಡನ್ನು ನಡುವೆ ಸೀಳಿ ಪುಸ್ತಕದ ಹಾಗೆ ಬಿಡಿಸಿ. ಎರಡು ಬದಿಯ ಗೆರೆಗಳೂ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ ಬರುತ್ತವೆ. ಅಂದ ಇನ್ನೂ ಬೇಕಾದರೆ ಉಕ್ಕಿಗೂ ಬೀಟೆಗೂ ನಡುವೆ ಒಣಗಿದ ಹಲಸಿನ 2 ಮಿ.ಮೀ. ಪಟ್ಟಿ ಕೂರಿಸಿ. ಕಪ್ಪಿನ ಪಕ್ಕ ಆ ಹಳದಿ ಗೆರೆ ಸಾಕು, ಬೇರೆ ಚಿತ್ತಾರ ಯಾಕೆ?

ಇಲ್ಲಿಂದ ಅವಸರ ಮಾಡಬೇಡಿ. ಗಾಜಿನ ಮೇಲೆ 120ರ ಉಪ್ಪುಕಾಗದ ಅಂಟಿಸಿ, ಮರದ ಒಳಮೈಯನ್ನು ಅದರ ಮೇಲೆ ಉಜ್ಜಿ ಸಮ ಮಾಡಿ. ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚು ಇಳಿದು ನಡು ಉಬ್ಬುತ್ತದೆ. ಆಮೇಲೆ ಮರವನ್ನು ಉಕ್ಕಿಗೆ ಒತ್ತಿ ಹಿಡಿದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜಿ. "ಅಂಟು ತುಂಬಿಕೊಳ್ಳುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ. ಆ ಸಂದಿಗೆ ನೀರು ಇಳಿದು ಒಳಗೊಳಗೇ ತುಕ್ಕು ಹಿಡಿಯುತ್ತದೆ.

ಒಂದು ಬದಿಯ ಮರವನ್ನು ಉಕ್ಕಿಗೆ ಬಿಗಿದು, ಉಕ್ಕಿನ ತೂತಿನ ಮೂಲಕವೇ ಕೊರೆಯಿರಿ. ಇನ್ನೊಂದು ಬದಿಗೂ ಹಾಗೇ. ಮೊಳೆಯಾಗಿ ಹಾಕುವ ಹಿತ್ತಾಳೆ ಸರಳು ಬೆರಳಲ್ಲಿ ಒತ್ತಿದರೆ ಒಳಗೆ ಹೋಗಬೇಕು. ಸುತ್ತಿಗೆ ಬೇಕಾಯಿತು ಅಂದರೆ ತೂತು ಬಿಗಿಯಾಗಿದೆ, ಬೀಟೆ ಸೀಳುತ್ತದೆ.

ಅಲಗಿನ ಕಡೆಯ ಮರದ ಮುಂತುದಿಯನ್ನು ಅಂಟು ಹಾಕುವ ಮೊದಲೇ ನಯ ಮಾಡಿ, ಎಣ್ಣೆ ಹಚ್ಚುವುದೊಂದೇ ಬಾಕಿ ಅನ್ನುವಷ್ಟು. ಎರಡು ತುಂಡನ್ನೂ ಸರಳಿಗೆ ಪೋಣಿಸಿ ಒಟ್ಟಿಗೇ ಉಜ್ಜಿದರೆ ಎರಡೂ ಸಮ ಬರುತ್ತವೆ. ಆಮೇಲೆ ಮಾಡೋಣ ಅಂದುಕೊಂಡರೆ ಅಲಗಿಗೆ ಗೀರು ಬೀಳದೆ ಅಲ್ಲಿಗೆ ಉಪ್ಪುಕಾಗದ ಹೋಗುವುದೇ ಇಲ್ಲ. ನನ್ನ ಮೊದಲ ಮೂರು ಚಾಕುಗಳಲ್ಲೂ ಆ ಗೀರು ಇನ್ನೂ ಇದೆ.

ಈಗ ಅಂಟು. ಎರಡು ಟ್ಯೂಬಿನ ಎಪಾಕ್ಸಿಯೇ ಬೇಕು, ಅದರಲ್ಲೂ ನಿಧಾನ ಗಟ್ಟಿಯಾಗುವುದು. ಐದು ನಿಮಿಷದ್ದು ತಂದರೆ ಎರಡನೇ ಬದಿ ಕೂರಿಸುವಷ್ಟರಲ್ಲಿ ಬಿಗಿದುಕೊಂಡಿರುತ್ತದೆ. ಬಡಗಿಗಳ ಬಿಳಿ ಅಂಟು ಉಕ್ಕಿಗೆ ಹಿಡಿಯುವುದಿಲ್ಲ. ಉಕ್ಕಿನ ಮೈ ಒರಟು ಮಾಡಿ ಅಸಿಟೋನ್‌ನಲ್ಲಿ ಒರೆಸಿ. ಬೀಟೆಯಲ್ಲಿ ಎಣ್ಣೆಯಂಶ ಜಾಸ್ತಿ, ಹಾಗಾಗಿ ಅಂಟು ಹಚ್ಚುವ ಸ್ವಲ್ಪ ಮುಂಚೆ ಅದನ್ನೂ ಒರೆಸಬೇಕು. ಬಟ್ಟೆಗೆ ನೇರಳೆ ಬಣ್ಣ ಬಂದರೆ ಗಾಬರಿ ಬೇಡ. ಕ್ಲಾಂಪನ್ನು ಹದವಾಗಿ ಬಿಗಿಯಿರಿ. ಶಕ್ತಿಯೆಲ್ಲ ಹಾಕಿ ತಿರುಗಿಸಿದರೆ ಅಂಟು ಪೂರ್ತಿ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಮುಂತುದಿಯಲ್ಲಿ ಹೊರಬಂದ ಅಂಟನ್ನು ಆಗಲೇ ಒರೆಸಿ. 24 ಗಂಟೆ ಮುಟ್ಟಬೇಡಿ.

ಆಕಾರ. ಅಲಗಿಗೆ ದಪ್ಪ ಟೇಪ್ ಸುತ್ತಿ, ಮಾಸ್ಕ್ ಹಾಕಿಕೊಳ್ಳಿ. ಬೀಟೆ ಪುಡಿ ಕೆಲವರಿಗೆ ಅಲರ್ಜಿ. ಹಿಡಿ ಮೊಟ್ಟೆಯಾಕಾರದಲ್ಲಿರಲಿ. ದುಂಡಗಿದ್ದರೆ ಬಾಯಿ ಯಾವ ಕಡೆ ಇದೆ ಅಂತ ಕೈಗೆ ಗೊತ್ತಾಗುವುದಿಲ್ಲ. ಬೆರಳಿಗೊಂದೊಂದು ಗುಳಿ ತೋಡುವ ಚಟ ಬಿಡಿ, ಅದು ಒಂದೇ ಹಿಡಿತಕ್ಕೆ ಒಗ್ಗುತ್ತದೆ. ಹಿತ್ತಾಳೆಯನ್ನು ಮಷೀನಿಗೆ ಒತ್ತಿ ಉಜ್ಜಿದರೆ ಕಾದು ಅಂಟು ಮೆತ್ತಗಾಗುತ್ತದೆ. ಬೆರಳಿಗೆ ಬಿಸಿ ತಾಗಿದರೆ ನಿಲ್ಲಿಸಿ.

220, 400 ಉಪ್ಪುಕಾಗದ ಮುಗಿಸಿ ಅಗಸೆ ಎಣ್ಣೆ ತೆಳ್ಳಗೆ ಸವರಿ ಒರೆಸಿ, ದಿನಕ್ಕೊಂದು ಸಲದಂತೆ ನಾಲ್ಕು ದಿನ. ವಾರ್ನಿಷ್ ಬೇಡ, ಬೆವರಿಗೆ ಜಾರುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಒಣಹಾಕಿ.

ಸಾಣೆ ಕೊನೆಗೆ. ಒಂದೊಂದು ಬದಿಗೆ ಸುಮಾರು 20 ಡಿಗ್ರಿ ಓರೆ ಸಾಕು. ಅಂದಹಾಗೆ, ಅನುಮತಿ ಇಲ್ಲದೆ ಇದನ್ನು ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ. ವನ್ಯಜೀವಿ ಕಾಯ್ದೆಯ ಆಯುಧಗಳ ಪಟ್ಟಿಯಲ್ಲಿ ಚಾಕುವೂ ಇದೆ. ತೋಟಕ್ಕೆ ಒಯ್ಯಿರಿ.