ಬೇರಿಯಾಟ್ರಿಕ್ ಆಪರೇಷನ್ ನಂತರ ತೂಕ ನಿಧಾನವಾಗಿ ಇಳಿಯುತ್ತಿದೆಯೇ? ಊಟ ಕಡಿಮೆ ಮಾಡುವ ಮೊದಲು ಇಷ್ಟು ಮಾಡಿ

ತೂಕ ಇಳಿಸಲೆಂದು ಮಾಡುವ ಜಠರದ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಆಪರೇಷನ್, ಆಗಿ ಕೆಲವು ವಾರವೋ ತಿಂಗಳೋ ಕಳೆದ ಮೇಲೆ ತೂಕ ಇದ್ದಲ್ಲೇ ನಿಂತರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೆ ಇಳಿಸುವುದು. ಅದರಲ್ಲಿ ಮೊದಲು ಹೋಗುವುದು ಪ್ರೋಟೀನ್. ಅಗಿಯಲು ಹೊತ್ತು ಬೇಕು, ಎರಡು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ ಎಂದು ಅದನ್ನೇ ಬದಿಗೆ ಸರಿಸುತ್ತಾರೆ. ಸಂಜೆಯಾಗುವಷ್ಟರಲ್ಲಿ ಸುಸ್ತು ಹತ್ತಿ ಕೈ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ಹೀಗೆ ತಿಂಗಳು ಕಳೆದರೆ ಕೂದಲು ಉದುರುತ್ತದೆ, ಸ್ನಾಯು ಕರಗುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ಮೊದಲು ಅಳೆಯಿರಿ, ಆಮೇಲೆ ಕಾರಣ ಹುಡುಕಿ, ಕೊನೆಗೆ ಬದಲಿಸಿ. ಈ ಕ್ರಮ ತಪ್ಪಿಸಬೇಡಿ.

1. ನಿಜಕ್ಕೂ ನಿಧಾನವೇ? ಲೆಕ್ಕ ಹಾಕಿ ನೋಡಿ

ಎಷ್ಟು ಕಿಲೋ ಇಳಿಯಿತು ಎಂದು ಇನ್ನೊಬ್ಬರೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. 150 ಕಿಲೋದಿಂದ ಹೊರಟವರಿಗೂ 100 ಕಿಲೋದಿಂದ ಹೊರಟವರಿಗೂ ಕಿಲೋ ಲೆಕ್ಕ ಒಂದೇ ಆಗಲಾರದು. ಶೇಕಡಾವಾರು ನೋಡಿ. ಆರಂಭದ ತೂಕದಿಂದ ಈಗಿನ ತೂಕ ಕಳೆದು, ಬಂದದ್ದನ್ನು ಆರಂಭದ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ.

ಯಾವುದನ್ನು ಆರಂಭದ ತೂಕ ಎಂದು ಹಿಡಿಯಬೇಕು ಎನ್ನುವಲ್ಲೇ ಹಲವರು ಎಡವುತ್ತಾರೆ. ಒಬ್ಬರು ಮೊದಲ ಭೇಟಿಯಲ್ಲಿ 128 ಕಿಲೋ ಇದ್ದರು, ಪೂರ್ವಸಿದ್ಧತೆಯ ಡಯಟ್ ಮಾಡಿ ಆಪರೇಷನ್ ದಿನಕ್ಕೆ 120ಕ್ಕೆ ಬಂದರು, ಆರನೇ ತಿಂಗಳಲ್ಲಿ 100 ಇದ್ದಾರೆ ಎಂದಿಟ್ಟುಕೊಳ್ಳಿ. ಆಪರೇಷನ್ ದಿನದಿಂದ ಲೆಕ್ಕ ಹಾಕಿದರೆ ಇಳಿದದ್ದು ಶೇ 16.7. ಮೊದಲ ಭೇಟಿಯಿಂದ ಹಾಕಿದರೆ ಶೇ 21.9. ಮೊದಲೇ ಬೆವರು ಸುರಿಸಿ ಇಳಿಸಿದ ಎಂಟು ಕಿಲೋವನ್ನು ಲೆಕ್ಕದಿಂದ ಬಿಟ್ಟು ಕೊರಗುವವರು ಬಹಳ ಮಂದಿ.

ಇನ್ನೊಂದು ಗೊಂದಲವಿದೆ. ಕೆಲವು ಆಸ್ಪತ್ರೆಗಳು ಒಟ್ಟು ತೂಕದ ಬದಲು ಹೆಚ್ಚುವರಿ ತೂಕದ ಶೇಕಡಾವಾರು ಹೇಳುತ್ತವೆ. ಮೇಲಿನ ವ್ಯಕ್ತಿಯ ಎತ್ತರ 160 ಸೆಂ.ಮೀ. ಆಗಿದ್ದರೆ ಬಿಎಂಐ (ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 25ಕ್ಕೆ ಸಲ್ಲುವ ತೂಕ 64 ಕಿಲೋ. ಅಂದರೆ ಹೆಚ್ಚುವರಿ ತೂಕ 64 ಕಿಲೋ, ಅದರಲ್ಲಿ 28 ಹೋಗಿದೆ, ಸುಮಾರು ಶೇ 44. ಒಬ್ಬರೇ ವ್ಯಕ್ತಿ, ಒಂದೇ ದಿನ, ಒಂದು ಲೆಕ್ಕದಲ್ಲಿ 22, ಇನ್ನೊಂದರಲ್ಲಿ 44. ಪರಿಚಯದವರು ಹೇಳಿದ ಅಂಕಿ ಯಾವ ಬಗೆಯದು ಎಂದು ಕೇಳದೆ ಬೇಸರಪಡಬೇಡಿ.

ಒಂದು ವರ್ಷದ ಹೊತ್ತಿಗೆ ಒಟ್ಟು ತೂಕದಲ್ಲಿ ಸ್ಲೀವ್ (ಜಠರದ ಹೆಚ್ಚಿನ ಭಾಗ ಕತ್ತರಿಸಿ ಕೊಳವೆಯಂತೆ ಮಾಡುವುದು) ಆದವರಿಗೆ ಸರಾಸರಿ ಶೇ 25, ಬೈಪಾಸ್ (ಜಠರದ ಚಿಕ್ಕ ಭಾಗವನ್ನು ಬೇರ್ಪಡಿಸಿ ನೇರ ಸಣ್ಣ ಕರುಳಿಗೆ ಜೋಡಿಸುವುದು) ಆದವರಿಗೆ ಶೇ 30ರ ಆಸುಪಾಸು ಇಳಿಯುತ್ತದೆ. ಅದರ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲೇ ಹೋಗುತ್ತದೆ. ಆಮೇಲೆ ವೇಗ ತಗ್ಗುವುದು ಸಹಜ. ಅತಿ ಕಡಿಮೆ ತೂಕಕ್ಕೆ ತಲುಪುವುದು ಸಾಮಾನ್ಯವಾಗಿ 12ರಿಂದ 18 ತಿಂಗಳ ನಡುವೆ. ವಯಸ್ಸು ಹೆಚ್ಚಿದ್ದರೆ, ಮಧುಮೇಹ ಇದ್ದರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಮಂಡಿನೋವಿನಿಂದ ಓಡಾಟ ಕಡಿಮೆಯಾಗಿದ್ದರೆ ಸರಾಸರಿಗಿಂತ ಕೆಳಗಿರುವುದು ಸಾಮಾನ್ಯ. ಅದು ನಿಮ್ಮ ಸೋಲಲ್ಲ, ದೇಹದ ಗುಣ.

ಎರಡರಿಂದ ನಾಲ್ಕನೇ ವಾರದ ನಡುವೆ ತೂಕ ನಿಂತಿದ್ದರೆ ಏನೂ ಮಾಡಬೇಡಿ. ಮೊದಲ ದಿನಗಳಲ್ಲಿ ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನನ್ನು ಖರ್ಚು ಮಾಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ ಜತೆಗೆ ಸುಮಾರು ಮೂರು ಗ್ರಾಂ ನೀರೂ ಹೋಗುವುದರಿಂದ ತೂಕ ದಡದಡನೆ ಇಳಿಯುತ್ತದೆ. ಊಟ ಸ್ವಲ್ಪ ಕುದುರಿದ ಕೂಡಲೇ ಆ ನೀರು ಮರಳುತ್ತದೆ. ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ, ಯಂತ್ರದಲ್ಲಿ ಮಾತ್ರ ಕಾಣುವುದಿಲ್ಲ.

2. ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಟೇಪು

ಪ್ರತಿ ವಾರ ಒಂದೇ ದಿನ, ಒಂದೇ ಯಂತ್ರ, ಗಟ್ಟಿ ನೆಲ, ಬೆಳಿಗ್ಗೆ ಶೌಚ ಮುಗಿಸಿ ಏನೂ ಕುಡಿಯುವ ಮೊದಲು. ದಿನಾ ನೋಡಬೇಡಿ. ಉಪ್ಪು, ಮುಟ್ಟು, ಮಲಬದ್ಧತೆ ಇವಿಷ್ಟರಿಂದಲೇ ಒಂದೆರಡು ಕಿಲೋ ಆಚೀಚೆ ಆಗುತ್ತದೆ. ತಿಂಗಳಿಗೊಮ್ಮೆ ಹೊಕ್ಕುಳಿನ ಮಟ್ಟದಲ್ಲಿ ಸೊಂಟದ ಸುತ್ತಳತೆ ಬರೆದಿಡಿ. ನಾಲ್ಕು ವಾರ ತೂಕವೂ ಸುತ್ತಳತೆಯೂ ಎರಡೂ ಅಲುಗದಿದ್ದರೆ ಮಾತ್ರ ಮುಂದಿನ ಹೆಜ್ಜೆಗೆ ಬನ್ನಿ. ಮೇಲೆ ನಿಂತರೆ ಕೊಬ್ಬಿನ ಶೇಕಡಾವಾರು ತೋರಿಸುವ ಮನೆಬಳಕೆಯ ಯಂತ್ರಗಳಿಗೆ ಹಣ ಹಾಕಬೇಡಿ. ಅವು ದೇಹದ ನೀರಿನ ಆಧಾರದ ಮೇಲೆ ಅಂದಾಜು ಮಾಡುತ್ತವೆ, ಈ ತಿಂಗಳುಗಳಲ್ಲಿ ಏರುಪೇರಾಗುವುದೇ ಆ ನೀರು.

3. ಏಳು ದಿನ ಬರೆದಿಡಿ

ಇಡೀ ಕೆಲಸದಲ್ಲಿ ಕಷ್ಟದ ಹೆಜ್ಜೆ ಇದೇ. ಹೆಚ್ಚಿನವರು ಇದನ್ನು ಮಾಡಿದ್ದೇವೆ ಎನ್ನುತ್ತಾರೆ, ಸರಿಯಾಗಿ ಮಾಡಿರುವುದಿಲ್ಲ.

ಬೇಕಾದದ್ದು ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ, ಒಂದು ನೋಟ್‌ಬುಕ್, ಪೆನ್ನು. ಮೊಬೈಲ್ ಆ್ಯಪ್‌ಗಿಂತ ನೋಟ್‌ಬುಕ್ಕೇ ಮೇಲು, ಏಕೆಂದರೆ ಆ್ಯಪ್‌ನಲ್ಲಿ ಹೊತ್ತು ಮತ್ತು ಕಾರಣ ಬರೆಯಲು ಸರಿಯಾದ ಜಾಗ ಇರುವುದಿಲ್ಲ. ಪುಟದಲ್ಲಿ ಆರು ಕಾಲಂ ಹಾಕಿ: ಗಂಟೆ, ಏನು, ಎಷ್ಟು ಗ್ರಾಂ, ತಿಂದು ಮುಗಿಸಲು ಹಿಡಿದ ನಿಮಿಷ, ಏನು ಕುಡಿದಿರಿ, ಯಾಕೆ ತಿಂದಿರಿ. ಕೊನೆಯ ಕಾಲಂನಲ್ಲಿ ಹಸಿವು, ಬೇಸರ, ಅಭ್ಯಾಸ, ಯಾರೋ ಒತ್ತಾಯಿಸಿದರು ಎಂದು ಒಂದೊಂದು ಪದ ಸಾಕು. ಏಳು ದಿನಗಳಲ್ಲಿ ರಜೆಯ ದಿನವೂ ಸೇರಿರಲಿ. ಈ ಏಳು ದಿನ ಊಟದಲ್ಲಿ ಏನನ್ನೂ ಸುಧಾರಿಸಬೇಡಿ. ಬರೆಯುತ್ತಿದ್ದೇವೆ ಎಂದು ಶಿಸ್ತಾಗಿ ತಿಂದರೆ ನಿಮಗೆ ಬೇಕಾದ ಕಾರಣವೇ ಪುಸ್ತಕಕ್ಕೆ ಬರುವುದಿಲ್ಲ.

ಬಾಯಿಗೆ ಹಾಕುವ ಮೊದಲು ಬರೆಯಿರಿ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಊಟಗಳು ನೆನಪಾಗುತ್ತವೆ, ಅಡುಗೆ ಮಾಡುವಾಗಿನ ರುಚಿ ನೋಡಿದ್ದು, ಮಗುವಿನ ತಟ್ಟೆಯಲ್ಲಿ ಉಳಿದದ್ದು, ಮಾತಾಡುತ್ತಾ ತಿಂದ ಹಿಡಿ ಬಾದಾಮಿ ನೆನಪಾಗುವುದಿಲ್ಲ. ತೂಕ ನಿಲ್ಲಿಸುವುದು ಸಾಮಾನ್ಯವಾಗಿ ಅವೇ.

ಎಣ್ಣೆಯನ್ನು ಕಣ್ಣಳತೆಯಲ್ಲಿ ಬರೆಯಬೇಡಿ. ಅಡುಗೆಗೆ ಮೊದಲು ಬಾಟಲಿ ತೂಗಿ, ಮುಗಿದ ಮೇಲೆ ಮತ್ತೆ ತೂಗಿ, ವ್ಯತ್ಯಾಸವನ್ನು ತಿನ್ನುವವರ ಸಂಖ್ಯೆಯಿಂದ ಭಾಗಿಸಿ. ಒಂದು ದೊಡ್ಡ ಚಮಚ ಎಣ್ಣೆ ಸುಮಾರು 14 ಗ್ರಾಂ, 120 ಕ್ಯಾಲೊರಿ. ಜಠರದಲ್ಲಿ ಅದು ಜಾಗವನ್ನೇ ಹಿಡಿಯುವುದಿಲ್ಲ. ಬೇಯಿಸಿದ ಪದಾರ್ಥದ ತೂಕಕ್ಕೆ ಹಸಿ ಪದಾರ್ಥದ ಕ್ಯಾಲೊರಿ ಹಾಕುವುದು ಇನ್ನೊಂದು ದೊಡ್ಡ ತಪ್ಪು. ಅಕ್ಕಿ ಬೆಂದಾಗ ಎರಡೂವರೆ ಮೂರು ಪಟ್ಟು ತೂಗುತ್ತದೆ, ಮಾಂಸ ಬೆಂದಾಗ ನೀರು ಬಿಟ್ಟು ಹಗುರಾಗುತ್ತದೆ. ಒಂದರಲ್ಲಿ ಲೆಕ್ಕ ವಿಪರೀತ ಹೆಚ್ಚಾಗುತ್ತದೆ, ಇನ್ನೊಂದರಲ್ಲಿ ಕಡಿಮೆಯಾಗುತ್ತದೆ. ಬೇಯಿಸಿದ್ದೋ ಹಸಿಯದ್ದೋ ಎಂದು ಪಕ್ಕದಲ್ಲೇ ಗುರುತು ಮಾಡಿ.

ಎಂಟನೇ ದಿನ ಮೂರು ಬಣ್ಣದ ಪೆನ್ಸಿಲ್ ಹಿಡಿದು ಓದಿ. ಕ್ಯಾಲೊರಿ ಇರುವ ಪಾನೀಯಗಳಿಗೆಲ್ಲ ಕೆಂಪು: ಹಣ್ಣಿನ ರಸ, ಸಕ್ಕರೆ ಹಾಕಿದ ಕಾಫಿ ಟೀ, ಮಿಲ್ಕ್‌ಶೇಕ್, ಮದ್ಯ. 250 ಮಿಲಿಲೀಟರ್ ಹಣ್ಣಿನ ರಸದಲ್ಲಿ ಸಕ್ಕರೆ ಹಾಕದಿದ್ದರೂ ಸುಮಾರು 110 ಕ್ಯಾಲೊರಿ ಇರುತ್ತದೆ. ದ್ರವ ಚಿಕ್ಕ ಜಠರದಲ್ಲಿ ನಿಲ್ಲದೆ ಕೆಳಗಿಳಿಯುವುದರಿಂದ ಹೊಟ್ಟೆ ತುಂಬಿದ ಅನುಭವವೇ ಆಗುವುದಿಲ್ಲ. ಬಾಯಲ್ಲಿ ಪುಡಿಯಾಗಿ ಕರಗುವ ತಿಂಡಿಗಳಿಗೆ ಹಳದಿ: ಬಿಸ್ಕತ್ತು, ಚಿಪ್ಸ್, ಕೇಕ್, ಐಸ್‌ಕ್ರೀಮ್, ಚಾಕೊಲೇಟ್. ಇವು ಎಂಜಲಿನಲ್ಲಿ ಮೆತ್ತಗಾಗಿ ಜಾರಿ ಹೋಗುತ್ತವೆ, ಜಠರದ ಗೋಡೆಯ ಮೇಲೆ ಒತ್ತಡ ಬೀಳುವುದಿಲ್ಲ. ಆಪರೇಷನ್ ಕೊಟ್ಟ ತಡೆಯನ್ನು ಇವು ಪೂರ್ತಿ ತಪ್ಪಿಸಿಕೊಳ್ಳುತ್ತವೆ. ಪ್ರೋಟೀನ್‌ಗೆ ಹಸಿರು. ಕೊನೆಗೆ, ಗೊತ್ತುಮಾಡಿದ ಊಟದ ಹೊತ್ತು ಬಿಟ್ಟು ತಿಂದ ಪ್ರತಿಯೊಂದಕ್ಕೂ ಸುತ್ತು ಹಾಕಿ, ಆರೋಗ್ಯಕರವಾದದ್ದಿರಲಿ ಬಿಡಲಿ. 30 ಗ್ರಾಂ ಒಣಬೀಜದಲ್ಲಿ 170ರಿಂದ 180 ಕ್ಯಾಲೊರಿ. ದಿನಕ್ಕೆ ಎರಡು ಸಲ ಹಿಡಿದರೆ ಚಿಕ್ಕದೊಂದು ಊಟವನ್ನು ಮೀರಿತು.

ಕಂಡದ್ದನ್ನೆಲ್ಲ ಒಂದೇ ದಿನ ನಿಲ್ಲಿಸಬೇಡಿ. ಮೊದಲ ಎರಡು ವಾರ ಕೆಂಪು ಗುರುತಿನವನ್ನು ಮಾತ್ರ ನಿಲ್ಲಿಸಿ. ಮುಂದಿನ ಎರಡು ವಾರ ಸುತ್ತು ಹಾಕಿದವು. ಆಮೇಲೆ ಹಳದಿ. ಹೀಗೆ ಮಾಡಿದರೆ ಯಾವ ಬದಲಾವಣೆಯಿಂದ ತೂಕ ಕದಲಿತು ಎಂಬುದು ನಿಮಗೇ ತಿಳಿಯುತ್ತದೆ.

ಪುಸ್ತಕದಲ್ಲಿ ಕೆಂಪೂ ಇಲ್ಲ, ಹಳದಿಯೂ ಇಲ್ಲ, ಸುತ್ತೂ ಇಲ್ಲದಿದ್ದರೆ ನಿಮ್ಮ ಮೇಲೆ ನೀವೇ ಅನುಮಾನಪಡಬೇಡಿ. ನೇರ ಐದನೇ ಹೆಜ್ಜೆಗೆ ಹೋಗಿ.

4. ತಟ್ಟೆಯ ಕ್ರಮ, ನೀರು, ವ್ಯಾಯಾಮ

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಸಾಮಾನ್ಯ ಗುರಿ. ನಿಮ್ಮ ಡಯಟಿಷಿಯನ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಬೆಂದ ಕೋಳಿಮಾಂಸದಲ್ಲಿ ಸುಮಾರು 30, ಅಷ್ಟೇ ಬೆಂದ ಬೇಳೆಯಲ್ಲಿ 8ರಿಂದ 9. ಮೊದಲ ತುತ್ತುಗಳು ಪ್ರೋಟೀನಿನವು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ ಅಥವಾ ರೊಟ್ಟಿ. 20ರಿಂದ 30 ನಿಮಿಷದಲ್ಲಿ ಮುಗಿಸಿ ಎದ್ದುಬಿಡಿ. ತಟ್ಟೆ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂತರೆ ಮೊದಲು ತಿಂದದ್ದು ಕೆಳಗಿಳಿದು ಮತ್ತೆ ಜಾಗವಾಗುತ್ತದೆ. ಊಟದ ಜತೆಗೂ ಆಮೇಲಿನ ಅರ್ಧ ಗಂಟೆಯೂ ಏನೂ ಕುಡಿಯಬೇಡಿ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಒಂದೂವರೆ ಲೀಟರ್‌ಗೆ ಕಡಿಮೆಯಾಗದಂತೆ ಕುಡಿಯಿರಿ.

ಕಾಲಜೆನ್ ಪುಡಿಯನ್ನು ಪ್ರೋಟೀನ್ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೊ ಆಮ್ಲ ಇಲ್ಲ. ವೇ (ಹಾಲಿನಿಂದ ತೆಗೆದ ಪ್ರೋಟೀನ್) ಅಥವಾ ಸೋಯಾ ಪುಡಿ ಕೊಳ್ಳಿ. ಅದನ್ನೂ ಗಟ್ಟಿ ಆಹಾರ ಸೇರದಿದ್ದಾಗ ಮಾತ್ರ ಬಳಸಿ.

ನಡಿಗೆ ಒಳ್ಳೆಯದು, ಆದರೆ ನಡಿಗೆಯೊಂದೇ ಸ್ನಾಯು ಉಳಿಸುವುದಿಲ್ಲ. ಸರ್ಜನ್ ಒಪ್ಪಿದ ಮೇಲೆ ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ತೆಗೆಯುವುದು, ರಬ್ಬರ್ ಬ್ಯಾಂಡ್ ಎಳೆಯುವುದು, ತಲಾ ಹತ್ತರಂತೆ ಮೂರು ಸುತ್ತು ಮಾಡಿ. ಮೊದಲ ವಾರ ದಣಿದ ಸ್ನಾಯುಗಳಲ್ಲಿ ನೀರು ನಿಂತು ತೂಕ ಸ್ವಲ್ಪ ಏರಬಹುದು. ಅದನ್ನು ನೋಡಿ ಬಿಡಬೇಡಿ.

5. ಮಾತ್ರೆಗಳು, ರಕ್ತಪರೀಕ್ಷೆ

ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿ ಹಿಡಿದು ವೈದ್ಯರಲ್ಲಿಗೆ ಹೋಗಿ. ಇನ್ಸುಲಿನ್, ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಮತ್ತು ಮಿರ್ಟಜಪಿನ್, ಮನೋರೋಗಕ್ಕೆ ಕೊಡುವ ಒಲಾಂಜಪಿನ್, ಅಪಸ್ಮಾರಕ್ಕೆ ಕೊಡುವ ವ್ಯಾಲ್ಪ್ರೊಯೇಟ್, ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ಇವೆಲ್ಲ ತೂಕ ಇಳಿಯದಂತೆ ತಡೆಯಬಲ್ಲವು. ಆಪರೇಷನ್ ನಂತರ ಸಕ್ಕರೆ ತಾನಾಗಿ ತಗ್ಗಿದರೂ ಹಳೆಯ ಪ್ರಮಾಣದ ಇನ್ಸುಲಿನ್ ಮುಂದುವರಿದರೆ ಸಕ್ಕರೆ ಕುಸಿಯುತ್ತದೆ, ಅದನ್ನು ಎತ್ತಲು ಸಿಹಿ ತಿನ್ನಬೇಕಾಗುತ್ತದೆ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಬದಲಿ ಇದೆಯೇ, ಪ್ರಮಾಣ ತಗ್ಗಿಸಬಹುದೇ ಎಂದು ಕೇಳಿ.

ಥೈರಾಯ್ಡ್, ಬಿ12, ಕಬ್ಬಿಣ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಲ್ಯಾಬ್‌ಗೂ ವೈದ್ಯರಿಗೂ ತಿಳಿಸಿ, ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಿಡಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ನಿಜವಾಗಿ ಮಂದವಾಗಿರುವ ಥೈರಾಯ್ಡ್ ಸರಿಯಿದೆ ಎಂದು ವರದಿ ಬಂದರೆ ಚಿಕಿತ್ಸೆ ತಪ್ಪಿಹೋಗುತ್ತದೆ. ಜೆಲ್ಲಿಯಂತೆ ಅಗಿಯುವ ವಿಟಮಿನ್ ಗಮ್ಮಿಗಳು ಬೇಡ. ಹೆಚ್ಚಿನವುಗಳಲ್ಲಿ ಕಬ್ಬಿಣವೇ ಇರುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ರಾತ್ರಿ ಜೋರು ಗೊರಕೆ, ಹಗಲಿಡೀ ತೂಕಡಿಕೆ ಇದ್ದರೆ ನಿದ್ರೆಯ ಉಸಿರುಗಟ್ಟುವಿಕೆಯ ಪರೀಕ್ಷೆಯನ್ನೂ ಕೇಳಿ.

6. ಅಡ್ಡದಾರಿ ಬೇಡ

ಐದಾರು ದಿನ ದ್ರವ ಮಾತ್ರ ಕುಡಿದು ಜಠರವನ್ನು ಮತ್ತೆ ಚಿಕ್ಕದು ಮಾಡುವ 'ಪೌಚ್ ರಿಸೆಟ್' ಎಂಬುದು ಹರಿದಾಡುತ್ತಿದೆ. ಹಿಗ್ಗಿದ ಜಠರ ಹೀಗೆ ಕುಗ್ಗುವುದಿಲ್ಲ. ಇಳಿಯುವುದು ನೀರು, ಹೋಗುವುದು ಸ್ನಾಯು, ಗಟ್ಟಿ ಆಹಾರಕ್ಕೆ ಬಂದ ವಾರವೇ ತೂಕ ಮರಳುತ್ತದೆ. ಡಿಟಾಕ್ಸ್ ಟೀಗಳಲ್ಲಿ ಹಲವು ಭೇದಿಯ ಔಷಧವೇ. ವಾಂತಿ ಮಾಡಿಕೊಳ್ಳುವುದಂತೂ ಅಪಾಯ. ಎಡೆಬಿಡದ ವಾಂತಿಯಿಂದ ಬಿ1 ವಿಟಮಿನ್ ಬರಿದಾಗಿ ಮಿದುಳಿಗೂ ನರಗಳಿಗೂ ಶಾಶ್ವತ ಹಾನಿಯಾಗಬಹುದು. ಹೊಟ್ಟೆನೋವು ನಿಲ್ಲದಿದ್ದರೆ, ನುಂಗಿದ್ದು ಇಳಿಯದಿದ್ದರೆ, ದಿನಗಟ್ಟಲೆ ವಾಂತಿಯಾದರೆ, ಕಪ್ಪು ಮಲ ಹೋದರೆ, ನಡಿಗೆ ತಡವರಿಸಿದರೆ ಅಥವಾ ಕಣ್ಣಿಗೆ ಎರಡೆರಡು ಕಂಡರೆ ತೂಕದ ಮಾತು ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

7. ಸರ್ಜನ್ ಮುಂದೆ ಏನು ಕೇಳಬೇಕು

ಏಳು ದಿನದ ನೋಟ್‌ಬುಕ್, ವಾರದ ತೂಕ, ಔಷಧಗಳ ಪಟ್ಟಿ, ರಕ್ತದ ವರದಿ ಮುಂದಿಡಿ. ಇವಿಲ್ಲದೆ ಹೋದರೆ 'ಊಟ ಕಡಿಮೆ ಮಾಡಿ' ಎಂಬ ಒಂದೇ ಮಾತು ಕೇಳಿ ಹಿಂದಿರುಗುವ ಸಾಧ್ಯತೆ ಹೆಚ್ಚು. ಮೊದಲಿಗಿಂತ ಒಮ್ಮೆಗೇ ಹೆಚ್ಚು ತಿನ್ನಲು ಆಗುತ್ತಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ. ಜಠರದ ಮೇಲ್ಭಾಗ ಹೆಚ್ಚು ಉಳಿದಿದೆಯೇ, ಬೈಪಾಸ್‌ನ ಜೋಡಣೆ ಅಗಲವಾಗಿದೆಯೇ, ಬೇರ್ಪಡಿಸಿದ ಜಠರಕ್ಕೆ ಮತ್ತೆ ದಾರಿ ತೆರೆದುಕೊಂಡಿದೆಯೇ ಎಂದು ಎಂಡೋಸ್ಕೋಪಿಯಲ್ಲಿ ಅಥವಾ ಬೇರಿಯಂ ಎಕ್ಸ್-ರೇಯಲ್ಲಿ ನೋಡಬಹುದು. ರಚನೆ ಸರಿಯಿದ್ದರೆ ಸೆಮಾಗ್ಲುಟೈಡ್, ಲಿರಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಹಸಿವು ತಗ್ಗಿಸುವ ಔಷಧಗಳನ್ನು ಆಪರೇಷನ್ ಆದವರಿಗೂ ಕೊಡುತ್ತಾರೆ. ಔಷಧ ಬೇಕಾಯಿತೆಂದರೆ ಆಪರೇಷನ್ ವ್ಯರ್ಥವಾಯಿತೆಂದಲ್ಲ. ಸ್ಥೂಲಕಾಯ ದೀರ್ಘಕಾಲದ ಕಾಯಿಲೆ, ರಕ್ತದೊತ್ತಡಕ್ಕೆ ಎರಡನೇ ಮಾತ್ರೆ ಸೇರಿಸುವಂತೆಯೇ ಇದೂ. ಮರು ಆಪರೇಷನ್ ಮಾತು ಬಂದರೆ ಎಂಡೋಸ್ಕೋಪಿ ಆಗದೆ ಒಪ್ಪಬೇಡಿ. ಮೊದಲನೆಯದಕ್ಕಿಂತ ಅದರ ಅಪಾಯ ಹೆಚ್ಚು. ಯಾವ ದೋಷವನ್ನು ಸರಿಪಡಿಸಲು ಅದನ್ನು ಮಾಡುತ್ತಾರೆ ಎಂಬುದಕ್ಕೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಉತ್ತರ ಪಡೆದುಕೊಂಡ ಮೇಲೆಯೇ ಸಹಿ ಹಾಕಿ.