ಮನೆ ಗಂಡಸರು ಕಾಯಿಲೆ ಬಿದ್ದಾಗ: ನರಳಾಟ ಬಿಡಿ, ಥರ್ಮಾಮೀಟರ್ ನೋಡಿ

ಗಂಡಸರಿಗೆ ನೆಗಡಿ ಬಂದರೆ ಓಣಿಗೆಲ್ಲ ಕೇಳೋ ಹಾಗೆ ನರಳುತ್ತಾರೆ. ಅದೇ ಗಂಡಸಿಗೆ ಎದೆ ಹಿಂಡಿದರೆ "ಏನಿಲ್ಲ ಬಿಡೇ, ಗ್ಯಾಸು" ಅಂತ ಸೋಡಾ ತರಿಸುತ್ತಾನೆ. ಅದಕ್ಕೇ ಅವರ ಬಾಯಿಮಾತಿನ ಮೇಲೆ ಆರೈಕೆ ನಡೆಸಬಾರದು. ಹಾಸಿಗೆ ಪಕ್ಕ ಒಂದು ಡಿಜಿಟಲ್ ಥರ್ಮಾಮೀಟರ್, ಒಂದು ಲೀಟರ್ ಬಾಟ್ಲಿ, ಹಳೇ ಕ್ಯಾಲೆಂಡರ್ ಹಾಳೆ, ಪೆನ್ನು ಇಡಿ.

ಬಿಸಿ ಚಹಾ ಕುಡಿದ ಕೂಡಲೇ ಬಾಯಲ್ಲಿ ಜ್ವರ ನೋಡಿದರೆ ಲೆಕ್ಕ ತಪ್ಪುತ್ತದೆ, ಅರ್ಧ ತಾಸು ಬಿಡಿ. ಕಂಕುಳಲ್ಲಿ ಇಡೋದಾದರೆ ಬೆವರು ಒರೆಸಿ ಇಡಿ. ಅಲ್ಲಿ ಬಾಯಿಗಿಂತ ಒಂದು ಡಿಗ್ರಿಯಷ್ಟು ಕಡಿಮೆ ತೋರಿಸುತ್ತದೆ. ಬಾಯಲ್ಲಿ 100.4 ದಾಟಿದರೆ ಜ್ವರ. ಎಷ್ಟೊತ್ತಿಗೆ ಎಷ್ಟಿತ್ತು, ಯಾವ ಮಾತ್ರೆ ಕೊಟ್ಟಿರಿ, ಹಾಳೆಯಲ್ಲಿ ಬರೀರಿ. ಇದು ಯಾಕೆ ಅಂದರೆ, ಇವರು ಪ್ಯಾರಾಸಿಟಮಾಲ್ ನುಂಗಿರುತ್ತಾರೆ, ಮೇಲೆ ಮೆಡಿಕಲ್ ಶಾಪಿನಿಂದ ನೆಗಡಿ ಮಾತ್ರೆನೂ ತಂದು ನುಂಗುತ್ತಾರೆ. ಬಹಳಷ್ಟು ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಸೇರಿ ಲಿವರಿಗೆ ಪೆಟ್ಟು, ಕುಡಿಯೋ ಚಟ ಇದ್ದವರಿಗೆ ಇನ್ನೂ ಬೇಗ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆ ಆದರೆ ಒಂದೊಂದೇ, ಆರು ತಾಸಿನ ಅಂತರದಲ್ಲಿ. ಹೆಚ್ಚು ಬೇಕಾದರೆ ಡಾಕ್ಟರು ಹೇಳಲಿ. ಮೈ ಒರೆಸೋಕೆ ಉಗುರುಬೆಚ್ಚಗಿನ ನೀರು. ಐಸ್ ನೀರಿಗೆ ಮೈ ನಡುಗಿ ಒಳಗಿನ ಕಾವು ಏರುತ್ತದೆ.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ನಲ್ಲಿ ನೀರಿಗೆ ಕಾದು ಡ್ರಮ್ಮು, ತೊಟ್ಟಿ ತುಂಬಿಡೋ ಮನೆಗಳೇ ಹೆಚ್ಚು. ಡೆಂಗ್ಯೂ ಸೊಳ್ಳೆ ಹುಟ್ಟೋದು ಆ ನೀರಲ್ಲೇ, ಕಚ್ಚೋದು ಹಗಲಲ್ಲಿ. ಹಾಗಾಗಿ ಜ್ವರದಲ್ಲಿ ಹಗಲು ಮಲಗಿದವರಿಗೂ ಸೊಳ್ಳೆ ಪರದೆ ಕಟ್ಟಿ. ಅವರನ್ನು ಕಚ್ಚಿದ ಸೊಳ್ಳೆ ಮುಂದೆ ಮಕ್ಕಳನ್ನು ಕಚ್ಚಬಹುದು. ಡೆಂಗ್ಯೂ ಅಲ್ಲ ಅಂತ ಗೊತ್ತಾಗೋವರೆಗೆ ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಭಯ. ಹೃದಯಕ್ಕೆ ಅಂತ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಆ ಡಾಕ್ಟರನ್ನೇ ಕೇಳಿ. "ಒಂದು ಸೂಜಿ ಮಾಡಿಸ್ಕೊಂಡು ಬರ್ತೀನಿ" ಅಂತ ಹೊರಟವರಿಗೂ ಇದನ್ನು ಹೇಳಿಯೇ ಕಳಿಸಿ. ಮೂರು ದಿನಕ್ಕೆ ಜ್ವರ ಇಳಿದ ಕೂಡಲೇ ಎದ್ದು ಅಂಗಡಿಗೆ ಹೊರಡುತ್ತಾರಲ್ಲ, ಡೆಂಗ್ಯೂನಲ್ಲಿ ಅಪಾಯ ಶುರುವಾಗೋದೇ ಆಗ. ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗೋದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆ.

ನೀರು ಕುಡಿದೆ ಅನ್ನೋದನ್ನು ನಂಬಬೇಡಿ, ಬಾಟ್ಲಿ ನೋಡಿ. ಆರೇಳು ತಾಸು ಮೂತ್ರ ಹೋಗದಿದ್ದರೆ ನೀರು ಸಾಲದು ಅಂತ ಅರ್ಥ. ತಾಯಿ, ಸೊಸೆ ಕೇಳಿದರೆ ಹೇಳಲ್ಲ, ಮಗನೋ ಹೆಂಡತಿಯೋ ನೇರವಾಗಿ ಕೇಳಬೇಕು. ವಾಂತಿ ಭೇದಿ ಇದ್ದರೆ ಓಆರ್‌ಎಸ್. ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರಿಗೇ ಹಾಕಿ, ಲೋಟಕ್ಕೆ ಚಿಟಿಕೆ ಲೆಕ್ಕ ಬೇಡ. ಪ್ಯಾಕೆಟ್ ಇಲ್ಲವೆಂದರೆ ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮವಾಗಿ, ಗೋಪುರದ ಹಾಗೆ ತುಂಬಬೇಡಿ. ಉಪ್ಪು ಹೆಚ್ಚಾದರೆ ಕೆಡುಕೇ ಜಾಸ್ತಿ. ಮಾಡಿದ್ದು 24 ತಾಸಿಗೆ ಮುಗೀಬೇಕು, ಉಳಿದದ್ದು ಚೆಲ್ಲಿ.

ಊಟಕ್ಕೆ ಒಂದು ಬಟ್ಟಲು ಅಕ್ಕಿ ನುಚ್ಚಿಗೆ ಆರು ಬಟ್ಟಲು ನೀರು, ಸಣ್ಣ ಉರಿ. "ಇದೇನು ಆಸ್ಪತ್ರೆ ಊಟ" ಅಂತ ಮುಖ ತಿರುಗಿಸಿದರೆ ಮೇಲೊಂದು ಚೂರು ನಿಂಬೆ ಉಪ್ಪಿನಕಾಯಿ ರಸ ಹಾಕಿ, ಬಾಯಿ ಮುಚ್ಚುತ್ತದೆ. ಬರೀ ಮಂಡಕ್ಕಿ ಕೊಡಬಹುದು, ಮಿರ್ಚಿ ಜೊತೆಗಲ್ಲ. ಕಷಾಯ ದಿನಕ್ಕೊಂದು ಲೋಟ ಸಾಕು.

ಸಕ್ಕರೆ ಕಾಯಿಲೆ ಇದ್ದವರು ಊಟ ಸೇರದೆ ಇದ್ದಾಗ ತಾವೇ ಇನ್ಸುಲಿನ್ ನಿಲ್ಲಿಸುತ್ತಾರೆ. ಡಾಕ್ಟರಿಗೆ ಫೋನ್ ಮಾಡಿಯೇ ಏನಾದರೂ ಮಾಡಿ.

ಇನ್ನು ಆ "ಗ್ಯಾಸು". ಎದೆ ಒತ್ತಿದ ಹಾಗೆ, ಜೊತೆಗೆ ತಣ್ಣನೆ ಬೆವರು, ಎಡಗೈಗೋ ದವಡೆಗೋ ಹರಿಯೋ ನೋವು ಇದ್ದರೆ ಜೀರಿಗೆ ನೀರು, ಸೋಡಾ ಅಂತ ಹೊತ್ತು ಕಳೀಬೇಡಿ. ನಡೆಸಬೇಡಿ, ಬೈಕಿನ ಮೇಲೂ ಬೇಡ. ಕೂರಿಸಿ, 108ಕ್ಕೆ ಫೋನ್ ಮಾಡಿ. ಬೈದರೆ ಬೈಸಿಕೊಳ್ಳಿ.